ಒಂದು ಬಿದ್ರೆ ಕಾಯಿ ಹೊರಗೆ ಬರುತ್ತಾ? ಮನೆ ರೂಲ್ ಮತ್ತು ಡಬ್ಬದ ರೂಲ್

ಲೂಡೋದಲ್ಲಿ 1 ಬಿದ್ರೂ ಕಾಯಿ ಹೊರಗೆ ಬರುತ್ತಾ, ಇಲ್ಲಾ 6 ಬಿದ್ರೆ ಮಾತ್ರಾನಾ? ಹಾವು-ಏಣಿಯಲ್ಲಿ 98ರಲ್ಲಿ ನಿಂತಾಗ 5 ಬಿದ್ರೆ ಗೆದ್ದ ಹಾಗಾ, ಅಥವಾ ಅಲ್ಲೇ ಕೂರಬೇಕಾ? ಊನೋದಲ್ಲಿ +2 ಮೇಲೆ +2 ಹಾಕಬಹುದಾ? ಈ ಮೂರು ಪ್ರಶ್ನೆಗಳನ್ನ ಹಾಸ್ಟೆಲ್‌ನ ಯಾವ ರೂಮಿನಲ್ಲಿ ಕೇಳಿದ್ರೂ ಕನಿಷ್ಠ ಎರಡು ಉತ್ತರ ಸಿಗುತ್ತೆ. ಆದರೆ ಎರಡೂ ಕಡೆಯವರು ಕೊಡುವ ಕಾರಣ ಒಂದೇ: "ನಮ್ಮನೇಲಿ ಹೀಗೇ ಆಡೋದು."

ಈ ಲೇಖನ ಆ "ನಮ್ಮನೇಲಿ ಹೀಗೇ" ಬಗ್ಗೆ. ಆಟದ ಡಬ್ಬದ ಒಳಗೆ ಮಡಚಿಟ್ಟ ಕಾಗದದಲ್ಲಿ ಇರುವುದನ್ನು ನಾನು ಡಬ್ಬದ ರೂಲ್ ಅಂತ ಕರೀತೀನಿ. ಕಾಗದದಲ್ಲಿ ಇಲ್ಲದೆ, ಅಪ್ಪ, ಅತ್ತೆ, ಅಣ್ಣ, ಪಕ್ಕದ ಮನೆಯವರಿಂದ ಬಾಯಿಂದ ಬಾಯಿಗೆ ಬಂದಿದ್ದು ಮನೆ ರೂಲ್. ಯಾವುದು ಸರಿ ಅಂತ ತೀರ್ಪು ಕೊಡೋದಕ್ಕಿಂತ ಒಂದು ರೂಲ್ ಬದಲಾಯಿಸಿದ್ರೆ ಆಟದಲ್ಲಿ ಏನೇನು ಬದಲಾಗುತ್ತೆ ಅಂತ ಲೆಕ್ಕ ಹಾಕಿ ನೋಡೋದು ನಮಗೆ ಹೆಚ್ಚು ಉಪಯೋಗ. ಅದಕ್ಕೆ ಬೇಕಾಗಿರೋದು ನಾವು ಕಲಿತಿರುವ ಪ್ರಾಬಬಿಲಿಟಿಯ ಮೊದಲ ಎರಡು ಪಾಠ, ಅಷ್ಟೇ.

1. ಲೂಡೋ: ಕಾಯಿ ಹೊರಗೆ ತರೋದು

ಲೂಡೋ ಅನ್ನೋದು ಪಚ್ಚೀಸಿಯನ್ನ ಸರಳ ಮಾಡಿ, ಕವಡೆ ಬದಲು ದಾಳ ಹಾಕಿ, 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ತಗೊಂಡ ಆಟ. ಅಂದ್ರೆ ನಮ್ಮ ಕಡೆಯ ಆಟವೇ ಬೇರೆಯವರ ಮನೆ ರೂಲ್ ಜೊತೆ ವಾಪಸ್ ಬಂದಿದೆ. ಅದರ ಡಬ್ಬದ ರೂಲ್ ಪ್ರಕಾರ ಕಾಯಿ ಹೊರಗೆ ಬರಲು 6 ಬೀಳಲೇಬೇಕು. ಸುಮಾರು ಮನೆಗಳಲ್ಲಿ 1 ಬಿದ್ರೂ ಬರಬಹುದು.

ವ್ಯತ್ಯಾಸ ಎಷ್ಟು? 6 ಬೀಳುವ ಸಾಧ್ಯತೆ 1/6. ಹಾಗಾಗಿ ಮೊದಲ ಕಾಯಿ ಹೊರಗೆ ಬರಲು ಸರಾಸರಿ 6 ಸಲ ದಾಳ ಹಾಕಬೇಕು. 1 ಕೂಡ ಒಪ್ಪಿಕೊಂಡ್ರೆ ಸಾಧ್ಯತೆ 2/6, ಸರಾಸರಿ 3 ಸಲ ಸಾಕು. ಇದು ಅರ್ಧಕ್ಕರ್ಧ ಅಷ್ಟೇ ಅಲ್ವಾ ಅನ್ನಿಸಬಹುದು. ಆದರೆ ಸರಾಸರಿ ಪೂರ್ತಿ ಕಥೆ ಹೇಳಲ್ಲ.

10 ಸುತ್ತು ಆದ್ರೂ ಒಬ್ಬರಿಗೆ 6 ಬೀಳದೇ ಇರುವ ಸಾಧ್ಯತೆ 5/6ರ ಹತ್ತನೇ ಘಾತ, ಅಂದ್ರೆ ಸುಮಾರು 16%. ಈಗ ನಾಲ್ಕು ಜನ ಆಡ್ತಿದ್ದಾರೆ ಅಂದುಕೊಳ್ಳಿ. ನಾಲ್ವರಲ್ಲಿ ಒಬ್ಬರಾದ್ರೂ 10 ಸುತ್ತು ಸುಮ್ಮನೆ ಕೂತಿರುವ ಸಾಧ್ಯತೆ ಎಷ್ಟು? 1ರಿಂದ 0.84ರ ನಾಲ್ಕನೇ ಘಾತ ಕಳೀರಿ: ಸುಮಾರು 50%. ಎರಡು ಆಟದಲ್ಲಿ ಒಂದು ಆಟ ಯಾರಾದರೂ ಒಬ್ಬರು ಹತ್ತು ಸುತ್ತು ದಾಳ ಉರುಳಿಸಿ ಪಕ್ಕದವರಿಗೆ ಕೊಡೋದೇ ಕೆಲಸ! 1 ಅಥವಾ 6 ರೂಲ್‌ನಲ್ಲಿ ಇದೇ ಸಾಧ್ಯತೆ ಸುಮಾರು 7%ಗೆ ಇಳಿಯುತ್ತೆ.

ಇಲ್ಲಿ ಒಂದು ಮುಖ್ಯ ವಿಷಯ ಗಮನಿಸಿ. ಎರಡೂ ರೂಲ್ ನ್ಯಾಯವಾಗಿಯೇ ಇವೆ, ಯಾಕಂದ್ರೆ ಎಲ್ಲರಿಗೂ ಒಂದೇ ರೂಲ್. ಬದಲಾಗಿದ್ದು ನ್ಯಾಯ ಅಲ್ಲ, ಕಾಯುವ ಸಮಯ. ಆರು ವರ್ಷದ ಮಗು ಆಟದಲ್ಲಿದ್ದಾಗ ಹತ್ತು ಸುತ್ತು ಕಾಯೋದು ಅಂದ್ರೆ ಆಟ ಬಿಟ್ಟು ಎದ್ದು ಹೋಗೋದು ಅಂತಲೇ ಅರ್ಥ. 1 ಬಿದ್ರೂ ಬರಲಿ ಅಂತ ಮೊದಲು ಹೇಳಿದವರು ಯಾರೋ ಗೊತ್ತಿಲ್ಲ, ಅವರು ಪ್ರಾಬಬಿಲಿಟಿ ಓದಿರಲಿಕ್ಕಿಲ್ಲ, ಆದರೆ ಅಳುವ ಮಗುವನ್ನು ನೋಡಿರ್ತಾರೆ.

2. ಹಾವು-ಏಣಿ: ನೂರರ ಹತ್ತಿರದ ಜಗಳ

ಇಲ್ಲಿ ಮೂರು ಪಕ್ಷ ಇವೆ. ಮೊದಲನೆಯದು: 100 ದಾಟಿದ್ರೂ ಗೆದ್ದ ಹಾಗೆ. ಎರಡನೆಯದು: ಸರಿಯಾಗಿ 100 ಆಗುವಷ್ಟೇ ಬೀಳಬೇಕು, ಜಾಸ್ತಿ ಬಿದ್ರೆ ಅಲ್ಲೇ ನಿಲ್ಲಬೇಕು. ಮೂರನೆಯದು: ಜಾಸ್ತಿ ಬಿದ್ದಷ್ಟು 100ರಿಂದ ಹಿಂದಕ್ಕೆ ಬರಬೇಕು. 98ರಲ್ಲಿದ್ದು 5 ಬಿದ್ರೆ 97.

ಎರಡನೇ ಮತ್ತು ಮೂರನೇ ಪಕ್ಷದವರು ಜೋರಾಗಿ ಜಗಳ ಆಡ್ತಾರೆ. ಲೆಕ್ಕ ಹಾಕಿದ್ರೆ ಒಂದು ತಮಾಷೆ ಕಾಣುತ್ತೆ. ನೀವು 94ರಿಂದ 99ರ ಒಳಗೆ ಎಲ್ಲೇ ಇರಿ, ಗೆಲ್ಲಿಸುವ ಸಂಖ್ಯೆ ದಾಳದ ಆರು ಮುಖಗಳಲ್ಲಿ ಒಂದೇ ಒಂದು. 99ರಲ್ಲಿದ್ರೆ 1, 96ರಲ್ಲಿದ್ರೆ 4. ಅಲ್ಲೇ ನಿಂತರೂ, ಮುಂದೆ ಜರುಗಿದರೂ, ಹಿಂದಕ್ಕೆ ಬಂದರೂ ನೀವು 94–99ರ ಒಳಗೇ ಉಳಿಯುತ್ತೀರಿ, ಮತ್ತೆ ಒಂದೇ ಮುಖ ಗೆಲ್ಲಿಸುತ್ತೆ. ಹಾಗಾಗಿ ಪ್ರತಿ ಸಲ ಸಾಧ್ಯತೆ 1/6, ಸರಾಸರಿ 6 ಸಲ. ಮಧ್ಯೆ ಹಾವು ಇಲ್ಲದಿದ್ರೆ ಎರಡೂ ರೂಲ್‌ನ ಸರಾಸರಿ ಒಂದೇ! 94ರಲ್ಲಿ ಇರುವವನೂ 99ರಲ್ಲಿ ಇರುವವನೂ ಗೆಲುವಿನಿಂದ ಒಂದೇ ದೂರದಲ್ಲಿ ಇದ್ದಾರೆ. ಅಲ್ಲಿ ಹಾವಿನ ಬಾಯಿ ಇದ್ರೆ ಮಾತ್ರ ಎರಡಕ್ಕೂ ವ್ಯತ್ಯಾಸ ಬರುತ್ತೆ.

ನಿಜವಾದ ವ್ಯತ್ಯಾಸ ಇರೋದು ಮೊದಲನೇ ಪಕ್ಷದ ಜೊತೆ. ದಾಟಿದ್ರೂ ಸಾಕು ಅಂದ್ರೆ 99ರಿಂದ ಒಂದೇ ಸಲಕ್ಕೆ ಗೆಲುವು. 94ರಿಂದ ಸರಾಸರಿ ಸುಮಾರು 2.2 ಸಲ. ಸರಿಯಾಗಿಯೇ ಬೀಳಬೇಕು ಅಂದ್ರೆ ಸರಾಸರಿ 6, ಮತ್ತು ಹನ್ನೆರಡು ಸಲ ಹಾಕಿದ್ರೂ ಮುಗಿಯದೇ ಇರುವ ಸಾಧ್ಯತೆ ಸುಮಾರು 11%. ಇದರಿಂದ ಹಿಂದೆ ಇರುವವರಿಗೆ ಮುಂದಿರುವವರನ್ನ ಹಿಡಿಯಲು ಸಮಯ ಸಿಗುತ್ತೆ. ಬೇಗ ಮುಗಿಯಬೇಕಾ, ಕೊನೆವರೆಗೂ ಎಲ್ಲರಿಗೂ ಆಸೆ ಇರಬೇಕಾ? ರೂಲ್ ಆರಿಸೋದು ಅಂದ್ರೆ ಈ ಪ್ರಶ್ನೆಗೆ ಉತ್ತರ ಕೊಡೋದು.

3. ಮೊನೊಪೊಲಿ: ಒಳ್ಳೆಯ ಮನಸ್ಸು, ಉದ್ದ ಆಟ

ಮನೆ ರೂಲ್ ಯಾವಾಗಲೂ ಆಟವನ್ನ ಚೆನ್ನಾಗೇ ಮಾಡುತ್ತೆ ಅಂತೇನಿಲ್ಲ. ಇದಕ್ಕೆ ಮೊನೊಪೊಲಿ ಒಳ್ಳೆ ಉದಾಹರಣೆ. ನಮ್ಮಲ್ಲಿ ಇದೇ ಜಾತಿಯ ಆಟ ಮುಂಬೈ, ದೆಹಲಿ ಅಂತ ಊರಿನ ಹೆಸರುಗಳ ಜೊತೆ 'ಬಿಸಿನೆಸ್' ಅಂತ ಸಿಗುತ್ತೆ. ಆದರೆ ಲೆಕ್ಕಕ್ಕೆ ಮೂಲ ಆಟವನ್ನೇ ತಗೊಳ್ಳೋಣ.

ಎರಡು ಮನೆ ರೂಲ್ ತುಂಬಾ ಕಡೆ ಇವೆ. ಒಂದು: ತೆರಿಗೆ, ದಂಡದ ದುಡ್ಡನ್ನ ಬ್ಯಾಂಕಿಗೆ ಕಟ್ಟದೆ ಬೋರ್ಡಿನ ಮಧ್ಯೆ ಇಡೋದು, 'ಫ್ರೀ ಪಾರ್ಕಿಂಗ್' ಮನೆಗೆ ಬಂದವರು ಅದನ್ನ ಪೂರ್ತಿ ಎತ್ಕೊಳ್ಳೋದು. ಡಬ್ಬದ ರೂಲ್ ಪ್ರಕಾರ ಆ ಮನೆಯಲ್ಲಿ ಏನೂ ಆಗಲ್ಲ, ಸುಮ್ಮನೆ ನಿಲ್ಲೋದು ಅಷ್ಟೇ. ಎರಡು: ಯಾರೂ ತಗೊಳ್ಳದ ಜಾಗಕ್ಕೆ ಬಂದು ನಿಮಗೂ ಬೇಡ ಅಂದ್ರೆ ಆಟ ಮುಂದಕ್ಕೆ ಹೋಗೋದು. ಡಬ್ಬದ ರೂಲ್ ಪ್ರಕಾರ ಆಗ ಬ್ಯಾಂಕು ಆ ಜಾಗವನ್ನ ಅಲ್ಲೇ ಹರಾಜು ಹಾಕಬೇಕು. ಬೇಡ ಅಂದವರೂ ಹರಾಜಿನಲ್ಲಿ ಕೂಗಬಹುದು.

ಈಗ ಇದನ್ನ ಒಂದು ಸಿಸ್ಟಮ್ ಥರ ನೋಡಿ. ಜಾಗ ಇದ್ದವನಿಗೆ ಬಾಡಿಗೆ ಬರುತ್ತೆ, ಬಾಡಿಗೆಯಿಂದ ಮನೆ ಕಟ್ತಾನೆ, ಮನೆಯಿಂದ ಇನ್ನೂ ಜಾಸ್ತಿ ಬಾಡಿಗೆ. ಇದು ಪಾಸಿಟಿವ್ ಫೀಡ್‌ಬ್ಯಾಕ್. ಆಟ ಮುಗಿಸೋದೇ ಈ ಲೂಪ್. ಇನ್ನೊಂದು ಕಡೆ ತೆರಿಗೆ ಮತ್ತು ದಂಡ ಆಟದಿಂದ ದುಡ್ಡನ್ನ ಹೊರಗೆ ಎಳೆಯುತ್ತವೆ. ಮಧ್ಯದಲ್ಲಿ ದುಡ್ಡು ಇಡುವ ರೂಲ್ ಈ ಸೋರುವ ದಾರಿಯನ್ನ ಮುಚ್ಚಿ, ಅದೇ ದುಡ್ಡನ್ನ ಅದೃಷ್ಟ ಇದ್ದವರ ಕೈಗೆ ವಾಪಸ್ ಕೊಡುತ್ತೆ. ದಿವಾಳಿ ಆಗಬೇಕಾದವರು ಆಗಲ್ಲ. ಹರಾಜು ಬಿಟ್ರೆ ಬೋರ್ಡಿನ ಮಾರಾಟಕ್ಕಿರುವ 28 ಜಾಗಗಳು ನಿಧಾನವಾಗಿ ಹೋಗ್ತವೆ, ಲೂಪ್ ಶುರುವಾಗೋದೇ ತಡ. ಎರಡೂ ಸೇರಿದ್ರೆ ಆಟ ಎಳೆಯುತ್ತೆ, ರಾತ್ರಿ ಊಟದ ಹೊತ್ತಾದ್ರೂ ಮುಗಿಯಲ್ಲ. ಆಮೇಲೆ ಎಲ್ಲರೂ "ಈ ಆಟಾನೇ ಬೋರು" ಅಂತಾರೆ.

ಆದರೆ ಈ ರೂಲ್ ಮಾಡಿದವರ ಉದ್ದೇಶ ಕೆಟ್ಟದ್ದಲ್ಲ. ಈ ಆಟದಲ್ಲಿ ಮೊದಲು ಸೋತವರು ಪೂರ್ತಿ ಹೊರಗೆ. ಉಳಿದವರು ಆಡ್ತಿರಬೇಕಾದ್ರೆ ತಂಗಿ ಒಬ್ಬಳೇ ಮೂಲೆಯಲ್ಲಿ ಕೂತಿರೋದನ್ನ ಯಾವ ಮನೆಯವರೂ ಇಷ್ಟಪಡಲ್ಲ. ಸಮಸ್ಯೆ ನಿಜ, ಪರಿಹಾರ ಮಾತ್ರ ತಪ್ಪು ಜಾಗದಲ್ಲಿ ಹಾಕಿದೆ. ಇದಕ್ಕಿಂತ ಒಳ್ಳೆಯದು ಮೊದಲೇ ಸಮಯ ಗೊತ್ತು ಮಾಡೋದು: ಒಂದೂವರೆ ಗಂಟೆ ಆಡೋಣ, ಆಮೇಲೆ ಯಾರ ಹತ್ತಿರ ಆಸ್ತಿ ಮತ್ತು ದುಡ್ಡು ಸೇರಿ ಜಾಸ್ತಿ ಇದೆಯೋ ಅವರು ಗೆದ್ದ ಹಾಗೆ. ಲೂಪ್ ಹಾಗೇ ಇರುತ್ತೆ, ತಂಗಿಯೂ ಆಟದಲ್ಲಿ ಇರ್ತಾಳೆ.

ಇದೇ ಆಟದ ಚರಿತ್ರೆಯಲ್ಲಿ ಇನ್ನೊಂದು ಪಾಠ ಇದೆ. ಅಮೆರಿಕದ ಲಿಜ್ಜಿ ಮ್ಯಾಗಿ ಎಂಬಾಕೆ 'ಲ್ಯಾಂಡ್‌ಲಾರ್ಡ್ಸ್ ಗೇಮ್' ಅನ್ನೋ ಆಟಕ್ಕೆ 1904ರಲ್ಲಿ ಪೇಟೆಂಟ್ ಪಡೆದರು. ಜಮೀನು ಕೆಲವರ ಕೈಗೆ ಸೇರಿದ್ರೆ ಉಳಿದವರ ಗತಿ ಏನಾಗುತ್ತೆ ಅಂತ ತೋರಿಸೋದು ಆಕೆಯ ಉದ್ದೇಶ ಆಗಿತ್ತು. ಜನ ಅದನ್ನ ಬಟ್ಟೆ ಮೇಲೆ, ರಟ್ಟಿನ ಮೇಲೆ ಕೈಯಲ್ಲೇ ಬರ್ಕೊಂಡು, ತಮ್ಮ ಊರಿನ ರಸ್ತೆ ಹೆಸರು ಹಾಕಿ, ತಮ್ಮ ರೂಲ್ ಸೇರಿಸಿ ಆಡಿದರು. ಹಾಗೆ ಅಟ್ಲಾಂಟಿಕ್ ಸಿಟಿಯ ರಸ್ತೆಗಳ ಹೆಸರಿದ್ದ ಒಂದು ರೂಪವನ್ನ ಚಾರ್ಲ್ಸ್ ಡ್ಯಾರೋ ಎಂಬಾತ ತನ್ನದು ಅಂತ ಮಾರಿದ, 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಅದನ್ನ ಕೊಂಡುಕೊಂಡಿತು. ಇವತ್ತು ನಾವು ಡಬ್ಬದ ರೂಲ್ ಅನ್ನೋದರಲ್ಲಿ ಒಂದು ಪಾಲು ಒಂದು ಕಾಲದಲ್ಲಿ ಯಾರದೋ ಮನೆ ರೂಲ್ ಆಗಿತ್ತು.

4. ಊನೋ: ಕಂಪನಿ ಹೇಳಿದ್ರೂ ಕೇಳಲ್ಲ

ಊನೋ ಹುಟ್ಟಿದ್ದೇ ರೂಲ್ ಜಗಳದಿಂದ ಅಂತಾರೆ. ಅಮೆರಿಕದ ಒಹಾಯೋದ ಮರ್ಲ್ ರಾಬಿನ್ಸ್ 1971ರಲ್ಲಿ ಈ ಆಟ ಮಾಡಿದ್ದು, 'ಕ್ರೇಜಿ ಎಯ್ಟ್ಸ್' ಅನ್ನೋ ಇಸ್ಪೀಟು ಆಟದ ರೂಲ್ ಬಗ್ಗೆ ಮಗನ ಜೊತೆ ಆದ ವಾದದ ನಂತರ.

2019ರಲ್ಲಿ ಊನೋದವರೇ ಟ್ವಿಟರ್‌ನಲ್ಲಿ ಸ್ಪಷ್ಟ ಮಾಡಿದರು: +4 ಬಿದ್ದವರು ನಾಲ್ಕು ಕಾರ್ಡ್ ಎತ್ಕೊಂಡು ತಮ್ಮ ಸರದಿ ಬಿಡಬೇಕು, ಅದರ ಮೇಲೆ +2 ಹಾಕಿ ಮುಂದಿನವರಿಗೆ ದಾಟಿಸೋ ಹಾಗಿಲ್ಲ. ಜನ ಒಪ್ಪಲಿಲ್ಲ. ಈಗಲೂ ಒಪ್ಪಲ್ಲ, ಬೇಕಾದ್ರೆ ಇವತ್ತು ರಾತ್ರಿ ನಿಮ್ಮ ಫ್ಲೋರ್‌ನಲ್ಲೇ ಹೇಳಿ ನೋಡಿ. ಕಟ್ಟಿನಲ್ಲಿ ಎಂಟು +2, ನಾಲ್ಕು +4 ಕಾರ್ಡ್ ಇರ್ತವೆ. ಎಲ್ಲಾ ಒಂದರ ಮೇಲೊಂದು ಬಿದ್ರೆ ಲೆಕ್ಕದ ಪ್ರಕಾರ ಕೊನೆಯವರ ತಲೆಗೆ 32 ಕಾರ್ಡ್! ಅದು ಆಗೋದು ಬಹುತೇಕ ಅಸಾಧ್ಯ, ಆದರೆ 8 ಅಥವಾ 10 ಆಗುತ್ತೆ. ಆ ಭಯವೇ ಮಜಾ.

ಆದರೆ ಈ ಮಜಾದಲ್ಲಿ ಒಂದು ಒಳ್ಳೆಯ ಡಬ್ಬದ ರೂಲ್ ಮರೆತುಹೋಗಿದೆ. ನಿಮ್ಮ ಕೈಯಲ್ಲಿ ಆಗಿನ ಬಣ್ಣದ ಕಾರ್ಡ್ ಇದ್ದರೆ +4 ಹಾಕೋ ಹಾಗೇ ಇಲ್ಲ. ಅನುಮಾನ ಬಂದವರು ಸವಾಲು ಹಾಕಬಹುದು. ಸುಳ್ಳು ಸಿಕ್ಕಿಬಿದ್ರೆ ಹಾಕಿದವರೇ 4 ಎತ್ತಬೇಕು, ಸವಾಲು ತಪ್ಪಾದ್ರೆ ಸವಾಲು ಹಾಕಿದವರು 6 ಎತ್ತಬೇಕು. ಒಂದು ಸಲ ಹೀಗೆ ಆಡಿ, ಆಟಕ್ಕೆ ಪೋಕರ್ ಥರ ಕಳೆ ಬರುತ್ತೆ. ಮನೆ ರೂಲ್ ಇಟ್ಕೊಳ್ಳೋದು ಬೇರೆ, ಡಬ್ಬದ ಕಾಗದ ಓದದೇ ಇರೋದು ಬೇರೆ.

5. ಕೇರಂ: ಎರಡು ಬೇರೆ ಬೇರೆ ಆಟ

ಮನೆಯಲ್ಲಿ ನಾವು ಆಡೋದು ಪಾಯಿಂಟ್ ಆಟ: ಕಪ್ಪಿಗೆ 10, ಬಿಳಿಗೆ 20, ರೆಡ್‌ಗೆ 50. ಒಟ್ಟು 320. ಯಾರು ಯಾವ ಬಣ್ಣ ಬೇಕಾದ್ರೂ ಹೊಡೀಬಹುದು. 1988ರಲ್ಲಿ ಚೆನ್ನೈನಲ್ಲಿ ಶುರುವಾದ ಅಂತರರಾಷ್ಟ್ರೀಯ ಕೇರಂ ಫೆಡರೇಷನ್‌ನ ರೂಲ್ ಪ್ರಕಾರ ಒಬ್ಬರಿಗೆ ಕಪ್ಪು, ಒಬ್ಬರಿಗೆ ಬಿಳಿ. ತನ್ನ ಒಂಬತ್ತೂ ಮುಗಿಸಿದವರಿಗೆ ಎದುರಾಳಿಯ ಉಳಿದ ಕಾಯಿನ್‌ಗಳಷ್ಟು ಅಂಕ, ರೆಡ್ ಕವರ್ ಮಾಡಿದ್ರೆ ಇನ್ನು 3. ಒಂದು ಬೋರ್ಡಿಗೆ ಹೆಚ್ಚೆಂದ್ರೆ 9+3 = 12, ಹಾಗಾಗಿ 25 ಅಂಕದ ಗೇಮ್‌ಗೆ ಕನಿಷ್ಠ ಮೂರು ಬೋರ್ಡ್ ಬೇಕು. ಅಂಕ 22 ಮುಟ್ಟಿದ ಮೇಲೆ ರೆಡ್‌ನ 3 ಸೇರಲ್ಲ.

ಇದು ಯಾಕೆ ಮುಖ್ಯ ಅಂದ್ರೆ, ಎರಡರಲ್ಲೂ ಬೆರಳಿನ ಕೆಲಸ ಒಂದೇ, ತಲೆಯ ಕೆಲಸ ಬೇರೆ. ಪಾಯಿಂಟ್ ಆಟದಲ್ಲಿ ಸುಲಭವಾಗಿ ಬೀಳೋದನ್ನ ಹೊಡೀತೀವಿ. ಫೆಡರೇಷನ್ ಆಟದಲ್ಲಿ ಎದುರಾಳಿಯ ಕಾಯಿನ್ ದಾರಿಗೆ ಅಡ್ಡ ಇಡೋದೂ ಒಂದು ಕಲೆ. ಮನೆಯಲ್ಲಿ ಎಲ್ಲರನ್ನೂ ಸೋಲಿಸಿ ಬಂದವರು ಇಂಟರ್-ಕಾಲೇಜ್ ಟೂರ್ನಮೆಂಟಿನಲ್ಲಿ ಮೊದಲ ಸುತ್ತಿನಲ್ಲೇ ಸೋಲುವುದಕ್ಕೆ ಇದೂ ಒಂದು ಕಾರಣ. ಫೆಸ್ಟ್‌ಗೆ ಹೆಸರು ಕೊಡುವವರು ಒಂದು ತಿಂಗಳು ಮೊದಲಿಂದ ಆ ರೂಲ್‌ನಲ್ಲೇ ಆಡಿ.

6. ಚೌಕಾಬಾರ: ಡಬ್ಬವೇ ಇಲ್ಲದ ಆಟ

ಈಗ ನಮ್ಮದೇ ಆಟಕ್ಕೆ ಬರೋಣ. ಚೌಕಾಬಾರಕ್ಕೆ (ಕೆಲವು ಕಡೆ ಕಟ್ಟೆಮನೆ) ಡಬ್ಬ ಇಲ್ಲ, ಕಂಪನಿ ಇಲ್ಲ, ಟ್ವಿಟರ್ ಖಾತೆ ಇಲ್ಲ. ಸೀಮೆಸುಣ್ಣದಲ್ಲಿ 5 × 5 ಮನೆ ಬರೆದು, ನಾಲ್ಕು ಕವಡೆ ಅಥವಾ ಒಡೆದ ಹುಣಸೆ ಬೀಜ ಹಿಡಿದ್ರೆ ಆಟ ಶುರು. ಹೊರಗಿನ ಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ಮಧ್ಯೆ ಒಂದು. ಕಾಯಿ ಮಧ್ಯದ ಮನೆ ಸೇರಿದ್ರೆ ಹಣ್ಣು.

ನಾಲ್ಕೂ ಕವಡೆ ಅಂಗಾತ ಬಿದ್ರೆ ಚೌಕಾ, 4. ನಾಲ್ಕೂ ಬೋರಲು ಬಿದ್ರೆ ಬಾರಾ, 8. ಕವಡೆ ಎರಡೂ ಕಡೆ ಸಮವಾಗಿ ಬೀಳುತ್ತೆ ಅಂದುಕೊಂಡ್ರೆ ಸಾಧ್ಯತೆಗಳು ಹೀಗೆ: 1ಕ್ಕೆ 4/16, 2ಕ್ಕೆ 6/16, 3ಕ್ಕೆ 4/16, ಚೌಕಾ 1/16, ಬಾರಾ 1/16. ಚೌಕಾ, ಬಾರಾ ಬಿದ್ರೆ ಇನ್ನೊಂದು ಆಟ. ನಿಜವಾದ ಕವಡೆ ನಾಣ್ಯದ ಥರ ಅಲ್ಲ, ಒಂದು ಕಡೆ ಉಬ್ಬು. ಹಾಗಾಗಿ ಪ್ರತಿ ಮನೆಯ ಕವಡೆಗೂ ಅದರದ್ದೇ ಸಾಧ್ಯತೆ ಇರುತ್ತೆ. 200 ಸಲ ಹಾಕಿ ಬರೆದಿಟ್ಟರೆ ಒಳ್ಳೆ ಮಿನಿ ಪ್ರಾಜೆಕ್ಟ್.

ಇಲ್ಲಿ ಎಲ್ಲವೂ ಮನೆ ರೂಲ್. ಕೆಲವರು ಕಾಯಿ ನೇರ ನಡೆಸ್ತಾರೆ. ಕೆಲವರಿಗೆ ಚೌಕಾ ಅಥವಾ ಬಾರಾ ಬಿದ್ರೆ ಮಾತ್ರ ಕಾಯಿ ಹುಟ್ಟೋದು: ಸಾಧ್ಯತೆ 2/16, ಸರಾಸರಿ 8 ಸಲ. 1ಕ್ಕೂ ಹುಟ್ಟಬಹುದು ಅಂದ್ರೆ 6/16, ಸರಾಸರಿ 3 ಸಲಕ್ಕೂ ಕಡಿಮೆ. ಮತ್ತೆ ಲೂಡೋದ ಕಥೆಯೇ. ಸತತ ಮೂರು ಸಲ ಚೌಕಾ-ಬಾರಾ ಬಿದ್ರೆ ಮೂರೂ ಸುಟ್ಟುಹೋದ ಹಾಗೆ ಅನ್ನೋ ಮನೆಗಳಿವೆ. ಅದು 512ಕ್ಕೆ ಒಂದು ಸಲ ಆಗೋ ವಿಷಯ, ಆದ್ರೂ ಅದಕ್ಕೊಂದು ರೂಲ್ ಬೇಕು ಅಂದ್ರೆ ಎಷ್ಟು ವರ್ಷ ಆಡಿರಬೇಕು ಯೋಚಿಸಿ.

ಎಲ್ಲಕ್ಕಿಂತ ದೊಡ್ಡ ರೂಲ್: ಎದುರಾಳಿಯ ಒಂದು ಕಾಯಿಯಾದ್ರೂ ಕಡಿಯದೆ ಒಳಸುತ್ತಿಗೆ ಹೋಗಂಗಿಲ್ಲ. ಈ ರೂಲ್ ಇಲ್ಲದಿದ್ರೆ ಚೌಕಾಬಾರ ಒಂದು ಓಟದ ಪಂದ್ಯ. ಇದ್ರೆ ಅದು ಬೇಟೆ. ಬರೀ ತಪ್ಪಿಸಿಕೊಂಡು ಗೆಲ್ಲೋಕೆ ಆಗಲ್ಲ, ಕಟ್ಟೆ ಬಿಟ್ಟು ಹೊರಗೆ ಬರಲೇಬೇಕು. ನಮ್ಮ ಅಜ್ಜಿ ಮನೆಯಲ್ಲಿ ಇದಕ್ಕೂ ಒಂದು ವಿನಾಯಿತಿ ಇತ್ತು. ಚಿಕ್ಕ ಮಕ್ಕಳು ಕಡಿಯದೆಯೂ ಒಳಗೆ ಹೋಗಬಹುದು, ಅವರು 'ಆಟಕ್ಕುಂಟು ಲೆಕ್ಕಕ್ಕಿಲ್ಲ'. ಈ ಮಾತಿನಲ್ಲಿ ಎಷ್ಟು ಚೆನ್ನಾದ ಡಿಸೈನ್ ಇದೆ ನೋಡಿ. ಮಗು ಜೊತೆಗೆ ಕೂತು ಕಲಿಯುತ್ತೆ, ದೊಡ್ಡವರ ಗೆಲುವು-ಸೋಲು ಕೆಡಲ್ಲ, ಮತ್ತು ವಿನಾಯಿತಿ ಎಲ್ಲರಿಗೂ ಗೊತ್ತಿರುತ್ತೆ. ಗುಟ್ಟಾಗಿ ಸೋತುಕೊಡೋದಕ್ಕಿಂತ ಇದು ಎಷ್ಟೋ ಮೇಲು.

ಹಾಗಾದ್ರೆ ಯಾವ ರೂಲ್ ಆಡಬೇಕು?

ಬೇರೆ ಬೇರೆ ಜಿಲ್ಲೆಯ ನಾಲ್ಕು ಜನ ಒಂದು ರೂಮಿನಲ್ಲಿ ಆಡುವಾಗ ನಾಲ್ಕು ಪ್ರಶ್ನೆ ಕೇಳಿಕೊಂಡ್ರೆ ಸಾಕು.

ಮೊದಲನೆಯದು, ರೂಲನ್ನ ಆಟಕ್ಕೆ ಮೊದಲೇ ಹೇಳಿದ್ದೀರಾ? ಮಧ್ಯೆ ನೆನಪಾದ ರೂಲ್ ಎಷ್ಟೇ ಹಳೆಯದಾಗಿರಲಿ, ಮುಂದಿನ ಆಟಕ್ಕೆ ಮಾತ್ರ. ಯಾಕಂದ್ರೆ ಮಧ್ಯೆ ನೆನಪಾಗುವ ರೂಲ್ ಹೇಳಿದವರಿಗೇ ಅನುಕೂಲ ಆಗಿರುತ್ತೆ.

ಎರಡನೆಯದು, ಅದು ಎಲ್ಲರಿಗೂ ಒಂದೇನಾ? ವಿನಾಯಿತಿ ಇದ್ರೆ ಬಹಿರಂಗವಾಗಿ ಇರಲಿ.

ಮೂರನೆಯದು, ಅದು ಯಾವ ತೊಂದರೆಯನ್ನ ಸರಿ ಮಾಡುತ್ತೆ, ಇನ್ಯಾವುದನ್ನ ಕೆಡಿಸುತ್ತೆ? ಲೂಡೋದ 1 ಕಾಯೋದನ್ನ ಕಡಿಮೆ ಮಾಡುತ್ತೆ, ಹೆಚ್ಚೇನೂ ಕೆಡಿಸಲ್ಲ. ಮೊನೊಪೊಲಿಯ ಮಧ್ಯದ ದುಡ್ಡು ಒಬ್ಬರನ್ನ ಉಳಿಸುತ್ತೆ, ಎಲ್ಲರ ಸಂಜೆ ತಿನ್ನುತ್ತೆ.

ನಾಲ್ಕನೆಯದು, ಎಲ್ಲಿ ಆಡ್ತಿದ್ದೀವಿ? ಗುರುತಿಲ್ಲದವರ ಜೊತೆ, ಬಹುಮಾನಕ್ಕೆ ಆಡುವಾಗ ಬರೆದಿಟ್ಟ ರೂಲೇ ಬೇಕು. ಅಲ್ಲಿ 'ನಮ್ಮನೇಲಿ' ಅನ್ನೋ ಮಾತಿಗೆ ಬೆಲೆ ಇಲ್ಲ, ಇರಲೂ ಬಾರದು.

ಬರೆದಿಡಿ

ಕೊನೆಗೆ ಒಂದು ಮಾತು. ಮೊನೊಪೊಲಿಯ ಕಾಗದ ಕಳೆದುಹೋದ್ರೆ ನೆಟ್‌ನಲ್ಲಿ ಸಿಗುತ್ತೆ. ನಿಮ್ಮ ಅಜ್ಜಿಯ ಚೌಕಾಬಾರದ ರೂಲ್ ಕಳೆದುಹೋದ್ರೆ ಎಲ್ಲೂ ಸಿಗಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ 'ಶ್ರೀತತ್ತ್ವನಿಧಿ'ಯಲ್ಲಿ ಹಲಗೆ ಆಟಗಳಿಗಾಗಿಯೇ 'ಕೌತುಕನಿಧಿ' ಅನ್ನೋ ಭಾಗ ಇಟ್ಟಿದ್ದರು. ಅದು ಅರಮನೆಯ ಆಟಗಳ ದಾಖಲೆ. ನಮ್ಮ ಹಟ್ಟಿ, ಪಡಸಾಲೆ, ಜಗಲಿಯ ರೂಲ್‌ಗಳನ್ನ ಬರೆಯೋರು ನಾವೇ ಆಗಬೇಕು. ಈಗ ಲೂಡೋ ಆ್ಯಪ್‌ಗಳಲ್ಲಿ ಕೋಡ್ ಬರೆದವರು ಹೇಳಿದ್ದೇ ರೂಲ್, ಅಲ್ಲಿ ಮಾತುಕತೆಗೆ ಜಾಗ ಇಲ್ಲ. ಅದನ್ನೇ ಆಡಿ ಬೆಳೆದ ಮಕ್ಕಳಿಗೆ ಬೇರೆ ರೂಲ್ ಇತ್ತು ಅನ್ನೋದೇ ಗೊತ್ತಾಗಲ್ಲ.

ಸೆಮ್ ಮುಗಿದು ಊರಿಗೆ ಹೋದಾಗ ಒಂದು ಪುಟದಲ್ಲಿ ಇಷ್ಟು ಬರ್ಕೊಂಡು ಬನ್ನಿ: ನಿಮ್ಮ ಕಡೆ ಈ ಆಟದ ಹೆಸರೇನು? ಕವಡೆಯಾ, ಹುಣಸೆ ಬೀಜವಾ? ಕಾಯಿ ಹುಟ್ಟಲು ಎಷ್ಟು ಬೀಳಬೇಕು? ಕಡಿದ್ರೆ ಇನ್ನೊಂದು ಆಟ ಇದೆಯಾ? ಕಡಿಯದೆ ಒಳಗೆ ಹೋಗಬಹುದಾ? ಜೋಡಿ ಕಾಯಿಗೆ ಏನು ಹೇಳ್ತಾರೆ, ಅದನ್ನ ಒಂಟಿ ಕಾಯಿ ಕಡಿಯಬಹುದಾ? ಹಣ್ಣಾಗಲು ಸರಿಯಾಗಿಯೇ ಬೀಳಬೇಕಾ? ಕ್ಲಬ್‌ನಲ್ಲಿ ಎಲ್ಲರ ಪುಟ ಸೇರಿಸಿದ್ರೆ ಯಾವ ಊರಲ್ಲಿ ಯಾವ ರೂಲ್ ಅಂತ ಒಂದು ನಕ್ಷೆಯೇ ಆಗುತ್ತೆ.

ಮನೆಯಲ್ಲಿ ಹಿರಿಯರನ್ನ ಕೇಳುವಾಗ ಆಟ ಆಡ್ತಾನೇ ಕೇಳಿ. ಸುಮ್ಮನೆ ಕೇಳಿದ್ರೆ ಅರ್ಧ ರೂಲ್ ನೆನಪಿಗೆ ಬರಲ್ಲ. ಒಂದು ಕಾಯಿ ಕಡಿದು ನೋಡಿ, ಉಳಿದಿದ್ದೆಲ್ಲಾ ತಾನಾಗೇ ಹೊರಗೆ ಬರುತ್ತೆ.